ಕ್ಯಾಮೆರಾಕ್ಕೆ ಹಿಡಿದ ಬೀಗದ ಕೈ

"ಅಳಿಸು ಅಂದ್ರೆ ಅಳಿಸು! ಇನ್ನೊಂದು ಮಾತಾಡಿದ್ರೆ ಆ ಫೋನನ್ನೇ ಸುತ್ತಿಗೇಲಿ ಕುಟ್ಟಿ ಪುಡಿ ಮಾಡ್ತೀನಿ!"

"ನಿಂಗೇನಪ್ಪಾ ಆಯ್ತು? ನಲವತ್ತು ಸಾವಿರ ಜನ ನೋಡಿದಾರೆ ಈ ವಿಡಿಯೋನ. ನಿನ್ನ ತುಕ್ಕು ಹಿಡಿದ ಬೋರ್ಡನ್ನ ಇಪ್ಪತ್ತು ವರ್ಷದಲ್ಲಿ ಅಷ್ಟು ಜನ ನೋಡಿಲ್ಲ."

"ಆ ನಲವತ್ತು ಸಾವಿರದಲ್ಲಿ ಒಬ್ಬ ಸಾಕು ಕಣೇ!"

ಬೀಗ ರಿಪೇರಿಯವನು ಕ್ಷೌರದಂಗಡಿಯ ಬಿಳಿ ಬಟ್ಟೆ ಕತ್ತಿನಲ್ಲಿದ್ದಂತೆಯೇ ಓಡಿಬಂದಿದ್ದ. ಅರ್ಧ ಗಡ್ಡ ಬೋಳಾಗಿತ್ತು, ಇನ್ನರ್ಧದ ಮೇಲೆ ನೊರೆ ಒಣಗುತ್ತಿತ್ತು. ಮಗಳಿಗೆ ನಗು ಬಂತು. ಅಪ್ಪನ ಕಣ್ಣು ನೋಡಿದವಳು ಅದನ್ನು ಅಲ್ಲೇ ನುಂಗಿಕೊಂಡಳು.

ಆ ಬೀದಿಗೆ ಫೋನಿನ ಹುಚ್ಚು ಹತ್ತಿ ವರ್ಷವಾಗಿತ್ತು. ಕ್ಷೌರದವನು ಪ್ರತಿ ತಲೆಗೂ ಕತ್ತರಿ ಹಾಕುವ ಮುಂಚೆ ಒಮ್ಮೆ, ಆಮೇಲೊಮ್ಮೆ ಚಿತ್ರ ತೆಗೆದು ಫೋನಿನಲ್ಲಿ ಹಾಕುತ್ತಿದ್ದ. ಬೇಕರಿಯವಳು ಬಿಸಿ ಬ್ರೆಡ್ಡನ್ನು ಕ್ಯಾಮೆರಾದ ಮುಂದೆ ನಿಧಾನವಾಗಿ ಮುರಿದು ಹಬೆ ತೋರಿಸುತ್ತಿದ್ದಳು. ಟಯರಿನವನು ಸೊಂಟಕ್ಕೆ ಟಯರು ಸಿಕ್ಕಿಸಿಕೊಂಡು ಕುಣಿಯುತ್ತಿದ್ದ. ಅವರ ಅಂಗಡಿ ಮುಂದೆ ಜನ, ಇವನ ಅಂಗಡಿ ಮುಂದೆ ನೊಣ. "ಕುಣಿಯೋದಕ್ಕಿಂತ ಅಂಗಡಿ ಮುಚ್ಚೋದು ಮೇಲು" ಎಂದು ಇವನು ಎಗರಾಡುತ್ತಿದ್ದ. "ನೀನು ಕುಣೀಬೇಡಪ್ಪಾ, ನಿನ್ನ ಕೈ ಕೆಲಸ ತೋರಿಸಿದ್ರೆ ಸಾಕು" ಎಂದು ಮಗಳು ಹೇಳಿದಾಗ ಮಾತ್ರ ಬೆಣ್ಣೆಯಂತೆ ಕರಗಿದ. ಹೊಗಳಿಕೆಗೆ ಕರಗದ ಕಸುಬುದಾರ ಎಲ್ಲಿದ್ದಾನೆ?

ಹತ್ತು ದಿನದ ಹಿಂದೆ, ಎರಡು ಬೀದಿ ಆಚೆಯ ಮಹಡಿಯ ಕೋಣೆಯಲ್ಲಿ ಒಂಟಿಯಾಗಿದ್ದ ಹೊಲಿಗೆಯವಳು ಬೀಗ ಬದಲಿಸಲು ಕರೆದಿದ್ದಳು. ಗಂಡನ ಏಟು ತಾಳಲಾರದೆ ಬೇರೆ ಊರಿಂದ ಓಡಿಬಂದವಳು. ವಿಡಿಯೋ ಮಾಡಲಾ ಎಂದು ಇವನೇ ಕೇಳಿದ. ಮನೆಬಾಗಿಲಿನ ಬೀಗ ಬಿಚ್ಚಿ ಕೈಯಲ್ಲಿಟ್ಟುಕೊಂಡವನಿಗೆ ಬೇಡ ಅನ್ನುವುದು ಹೇಗೆ? "ಮುಖ ಮಾತ್ರ ಬೇಡ ಅಣ್ಣಾ" ಅಂದಿದ್ದಳು. ಮುಖ ಬಾರದಂತೆ ಮಗಳು ನೋಡಿಕೊಂಡಿದ್ದಳು. ಕೊಟ್ಟ ಮಾತು ಉಳಿಸಿಕೊಂಡೆವೆಂದು ಇಬ್ಬರೂ ನಿಶ್ಚಿಂತೆಯಾಗಿದ್ದರು.

ಈ ಮಧ್ಯಾಹ್ನ ಕ್ಷೌರದವನು ಗಡ್ಡ ಅರ್ಧಕ್ಕೆ ನಿಲ್ಲಿಸಿ, ಫೋನು ಮುಂದೆ ಹಿಡಿದು, "ಅಣ್ಣಾ, ನೀನು ಸ್ಟಾರ್ ಆಗ್ಬಿಟ್ಟೆ! ಕೀಲಿ ಹಲ್ಲು ಒಂದೊಂದೂ ಎಷ್ಟು ಚೆಂದ ಕಾಣ್ತಿದೆ ನೋಡು" ಎಂದ.

ಇವನು ನೋಡಿದ. ನೀಲಿ ಬಾಗಿಲು. ಅದರ ಮುಂದೆ ತನ್ನದೇ ದಪ್ಪ ಬೆರಳು, ಬೆರಳಲ್ಲಿ ಹೊಸ ಬೀಗದ ಕೈ, ಬಿಸಿಲಿಗೆ ಅಡ್ಡಲಾಗಿ, ನಾಲ್ಕೆಣಿಸುವಷ್ಟು ಹೊತ್ತು. ಐದು ಹಲ್ಲುಗಳ ಏರಿಳಿತ ಗೆರೆ ಎಳೆದಂತಿತ್ತು. ಅದನ್ನು ನೋಡಿಕೊಂಡೇ ಇನ್ನೊಂದು ಕೀಲಿಯನ್ನು ಅರ ಹಿಡಿದು ಉಜ್ಜಬಹುದು. ಅವನಿಗೆ ಬರುತ್ತಿತ್ತು, ಆ ಕಸುಬಿನವರಿಗೆಲ್ಲ ಬರುತ್ತಿತ್ತು. ಕಡೆಯಲ್ಲಿ ಆ ಕೀಲಿ ತೆಗೆದುಕೊಳ್ಳುವ ಹೆಂಗಸಿನ ಕೈ, ಮಣಿಕಟ್ಟಿನ ಮೇಲೆ ಸುಟ್ಟ ಕಲೆ. "ಗಟ್ಟಿಯಾಗಿದೆಯಾ ಅಣ್ಣಾ?" ಎಂಬ ದನಿ. ಕಟ್ಟಿಕೊಂಡವನಿಗೆ ಗುರುತು ಹಿಡಿಯಲು ಮುಖ ಯಾಕೆ ಬೇಕು?

"ಆಯ್ತು, ಅಳಿಸಿದೆ. ಸಮಾಧಾನನಾ?" ಎಂದಳು ಮಗಳು. ಹಾಗೆನ್ನುತ್ತಲೇ ಅವಳ ಬೆರಳು ನಿಂತಿತು. "ಅಪ್ಪಾ..."

"ಏನೇ?"

"ಮೊನ್ನೆ ಒಬ್ಬ ಮೆಸೇಜಲ್ಲಿ ಕೇಳಿದ್ದ. ನಮ್ದೂ ಇಂಥದೇ ಬಾಗಿಲು, ಈ ಕೆಲಸ ಎಲ್ಲಿ ಮಾಡಿದ್ದು, ಹೋಗಿ ನೋಡ್ಬೋದಾ ಅಂತ. ಗಿರಾಕಿ ಕೇಳಿದ್ದಕ್ಕೆ ಉತ್ತರ ಕೊಡದೆ ಇರ್ಬಾರ್ದು ಅಂತ ಕ್ಷೌರದ ಮಾಮ ಹೇಳಿದ್ರಲ್ಲ..."

"ಹೇಳಿದ್ಯಾ?"

"ಲಾಂಡ್ರಿ ಮೇಲಿನ ಮಹಡಿ ಅಂತ."

ಕಳ್ಳನ ಕೈಗೆ ಕೀಲಿ ಕೊಡುವುದೆಂಬ ಮಾತನ್ನು ಅವನು ಅಂಗಡಿಯಲ್ಲಿ ನೂರು ಸಲ ತಮಾಷೆಗೆ ಆಡಿದ್ದ. ಈಗ ತಾವಿಬ್ಬರೂ ಕೀಲಿಯ ಜೊತೆ ದಾರಿಯನ್ನೂ ತೋರಿಸಿ ಕಳಿಸಿದ್ದರು. ಬೈಯಲು ಬಾಯಿ ತೆರೆದವನು ಸಲಕರಣೆಯ ಚೀಲ, ಹೊಸದೊಂದು ಬೀಗ ಎತ್ತಿಕೊಂಡು ಬೀದಿಗಿಳಿದ. ಮಗಳು ಹಿಂದೆಯೇ ಓಡಿದಳು.

ಹೊಲಿಗೆಯವಳು ತಾನು ಕೆಲಸಕ್ಕಿದ್ದ ಅಂಗಡಿಯಿಂದ ಮಧ್ಯಾಹ್ನದ ಬಿಡುವಿಗೆ ಕೋಣೆಗೆ ಬರುತ್ತಿದ್ದವಳು ಮೆಟ್ಟಿಲ ಬುಡದಲ್ಲೇ ಸಿಕ್ಕಳು. "ಇದೇನಣ್ಣಾ, ಅರ್ಧ ಗಡ್ಡ?" ಎಂದು ನಕ್ಕಳು. ಅವನು ಕೈ ಅಡ್ಡ ಹಿಡಿದು, "ಮೊದಲು ನಾನು ಹತ್ತುತ್ತೀನಿ, ತಡಿ ತಾಯಿ" ಎಂದ. ಅವಳ ನಗು ನಿಂತಿತು.

ಬಾಗಿಲು ಮುಚ್ಚಿತ್ತು, ಬೀಗ ಬಿದ್ದಿತ್ತು. ಬದುಕಿದೆ ಅಂದುಕೊಂಡ. ಬೀಗ ಬಿಚ್ಚಲೆಂದು ಬಗ್ಗಿದವನಿಗೆ ಬೀಗದ ತೂತಿನ ಕೆಳತುಟಿಯಲ್ಲಿ ಹಿತ್ತಾಳೆಯ ಪುಡಿ ಮಿನುಗುವುದು ಕಂಡಿತು. ಬೆರಳಿಂದ ಒರೆಸಿದ. ಬೆರಳ ತುದಿ ಹಳದಿಯಾಯಿತು. ಹತ್ತು ದಿನ ಬಳಸಿದ ಕೀಲಿ ಪುಡಿ ಉದುರಿಸುವುದಿಲ್ಲ. ಅರದಿಂದ ಆಗತಾನೆ ಎದ್ದ ಕೀಲಿ, ಒರಟು ತೆಗೆಯದೆ ತುರುಕಿದರೆ ಮಾತ್ರ ಹೀಗೆ.

"ಏನಣ್ಣಾ?"

ಅವನು ತುಟಿಯ ಮೇಲೆ ಬೆರಳಿಟ್ಟ. ಒಳಗಿನಿಂದ ಸದ್ದಿಲ್ಲ. ಕೆಳಗೆ ಲಾಂಡ್ರಿಯ ಯಂತ್ರ ಗಡಗಡ ತಿರುಗುತ್ತಿತ್ತು. ಚೀಲದಿಂದ ಸುತ್ತಿಗೆ ತೆಗೆದ. ಅವಳ ಕೀಲಿ ಇಸಿದುಕೊಂಡು ಬಾಗಿಲು ತಳ್ಳಿದ. ಮಂಚದಡಿ ನೋಡಿದ, ಪರದೆ ಸರಿಸಿದ, ಬಚ್ಚಲಿನ ಬಾಗಿಲನ್ನು ಕಾಲಿಂದ ಒದ್ದ. ಯಾರೂ ಇರಲಿಲ್ಲ. ಹೊಲಿಗೆ ಯಂತ್ರದ ಸೂಜಿಯಡಿ ಅಂಗಿಯ ತೋಳೊಂದು ಅರ್ಧಕ್ಕೆ ನಿಂತಿತ್ತು.

"ಯಾರೂ ಇಲ್ಲ. ಹೆದರಬೇಡ" ಎಂದ.

ಅವಳು ಮೇಜಿನತ್ತ ನೋಡುತ್ತಿದ್ದಳು. "ನಾನು ಲೋಟ ತೊಳೆದು ಬೋರಲು ಹಾಕಿ ಹೋಗ್ತೀನಿ ಅಣ್ಣಾ."

ಮೇಜಿನ ಮೇಲೆ ಲೋಟ ನೆಟ್ಟಗೆ ನಿಂತಿತ್ತು. ಅರ್ಧ ನೀರಿತ್ತು. ಇದ್ದೊಂದು ಕುರ್ಚಿಯನ್ನು ಯಾರೋ ಬಾಗಿಲಿಗೆ ಮುಖಮಾಡಿ ಇಟ್ಟಿದ್ದರು.

ಮಗಳು ಅಳುತ್ತ ನಡೆದದ್ದನ್ನೆಲ್ಲ ಹೇಳಿ, ಫೋನು ತೋರಿಸಿದಳು. ವಿಳಾಸ ಕೇಳಿದವನು ತನ್ನ ಹೆಸರಿನ ಪಕ್ಕ ಮುಖದ ಜಾಗದಲ್ಲಿ ಕೆಂಪು ಲಾರಿಯೊಂದರ ಚಿತ್ರ ಹಾಕಿದ್ದ.

"ಅವನ ಲಾರಿ" ಎಂದಳು ಹೊಲಿಗೆಯವಳು. ಕಿರುಚಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬೀಗದವನು ಬದುಕಿಕೊಳ್ಳುತ್ತಿದ್ದ. ಮಂಚದಡಿಯಿಂದ ಒಂದು ಚೀಲ ಎಳೆದಳು. ಅದು ಮೊದಲೇ ತುಂಬಿತ್ತು.

"ತಾಯಿ, ಹತ್ತು ನಿಮಿಷ ಕೊಡು. ಹೊಸ ಬೀಗ ತಂದಿದೀನಿ. ಇದನ್ನ ಯಾರಪ್ಪನೂ ತೆಗೆಯೋಕಾಗಲ್ಲ. ಪೊಲೀಸಿಗೆ ನಾನೇ ಬರ್ತೀನಿ, ನಾನೇ ಹೇಳ್ತೀನಿ..."

"ಹಾಕೋರು ನೀವೇ ಅಲ್ವಾ ಅಣ್ಣಾ" ಎಂದಳು, ಅಷ್ಟೇ.

ಮೆಟ್ಟಿಲಲ್ಲಿ ನಿಂತು ಕೆಳಗೆ ಇಣುಕಿದಳು, ಎರಡು ಹೆಜ್ಜೆ ಇಳಿದು ಮತ್ತೆ ಇಣುಕಿದಳು. ಮಗಳು ಹಿಂದೆ ಹೋಗಿ, "ಅಕ್ಕಾ, ಎಲ್ಲಿಗೆ ಅಂತಾದ್ರೂ ಹೇಳಿ" ಎಂದಳು.

"ನಿಂಗಾ?"

ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆ ಹಿಡಿದೇ ನಡೆದಳು. ಬೀಗದವನು ಕಿಟಕಿಯಲ್ಲಿ ನಿಂತು ಅವಳ ಹಿಂದೆ ಯಾರಾದರೂ ಹೊರಟರೇ ಎಂದು ನೋಡಿದ. ಬೀದಿ ತುಂಬ ಜನ; ಅವಳು ಹೋದ ದಿಕ್ಕಿಗೇ ಎಷ್ಟೋ ಗಂಡಸರು ನಡೆಯುತ್ತಿದ್ದರು. ಯಾರ ಮುಖವೂ ಅವನಿಗೆ ಗೊತ್ತಿರಲಿಲ್ಲ. ಅವಳು ಮೂಲೆ ತಿರುಗಿದಳು. ಆಮೇಲೆ ಆ ಬೀದಿಗೆ ಅವಳು ಬರಲಿಲ್ಲ.