ನೀರಿನ ಕಾವಲು

ವನಜಮ್ಮ ಮೈಸೂರಿನಿಂದ ಪರದೇಶದ ಕ್ಲಾಂಡಾಲ್ಕಿನ್ ಊರಿನಲ್ಲಿದ್ದ ಮಗನ ಮನೆಗೆ ಬರುವಾಗ ಸೂಟ್‌ಕೇಸಿನ ತುಂಬ ಸಾರಿನ ಪುಡಿ, ಚಟ್ನಿಪುಡಿ ತಂದಿದ್ದರು. ತಕ್ಕಡಿಗೆ ಸಿಗದ ಇನ್ನೊಂದನ್ನೂ ತಂದಿದ್ದರು: ಯಾವ ಕಾಯಿಲೆಗಾದರೂ ತಮಗೆ ಮದ್ದು ಗೊತ್ತು ಎಂಬ ಧೈರ್ಯ. ನಾಲ್ಕು ವರ್ಷದ ಮೊಮ್ಮಗಳು ಇಂಚರಾಗೆ ಅಜ್ಜಿಯೆಂದರೆ ಪ್ರಾಣ. "ಊಟ ಆಯ್ತಾ ಬಂಗಾರ?" ಎಂದು ಅಜ್ಜಿ ಕೇಳಿದರೆ "ಐ ಆಮ್ ಗ್ರ್ಯಾಂಡ್, ಅಜ್ಜಿ" ಎನ್ನುವಳು, ಚೆನ್ನಾಗಿದ್ದೀನಿ ಎಂಬರ್ಥದಲ್ಲಿ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಆ ವಾರ ಇಂಚರಾಳ ಪ್ಲೇಸ್ಕೂಲಿನ ಮಕ್ಕಳಿಗೆಲ್ಲ ವಾಂತಿಭೇದಿ ಹತ್ತಿತು. ಇವಳನ್ನೂ ಬಿಡಲಿಲ್ಲ. ಬೆಳಗಿನ ಜಾವದಿಂದ ಬಟ್ಟೆ ಬದಲಿಸಿ ಬದಲಿಸಿ ಸೊಸೆ ಜಯಶೀಲಾ ಸೋತುಹೋದಳು.

"ಬಾಯಿಗೆ ಒಂದು ಹನಿ ನೀರೂ ಬೀಳಬಾರದು," ಎಂದು ವನಜಮ್ಮ ಅಪ್ಪಣೆ ಮಾಡಿದರು. "ಹೊಟ್ಟೆ ಒಣಗಬೇಕು. ಒಣಗಿದ್ರೆ ತಾನಾಗೇ ನಿಲ್ಲುತ್ತೆ. ಮಿಥುನನ್ನ ಹೀಗೇ ಬೆಳೆಸಿದ್ದು ನಾನು."

ಸ್ಯಾಂಟ್ರಿಯಲ್ಲಿದ್ದ ತನ್ನ ಆಫೀಸಿಗೆ ಹೊರಟಿದ್ದ ಮಗ ಮಿಥುನ್, "ಅಮ್ಮಂಗೆ ಗೊತ್ತಿರುತ್ತೆ ಜಯಾ," ಎಂದು ಮೆಲ್ಲಗೆ ಜಾರಿಕೊಂಡ. ಹೀಗೆ ಹೇಳಿ ಹೊರಡುವುದು ಗಂಡಸರಿಗೆ ಸುಲಭ.

ಮಧ್ಯಾಹ್ನವಾದರೂ ಮಗು ಮೂತ್ರ ಮಾಡಲಿಲ್ಲ. ಜಯಶೀಲಾ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದಳು.

"ಅತ್ತೆ, ಓಆರ್‌ಎಸ್ ಕೊಡ್ಬೇಕಂತೆ. ಸಂಜೆಯೊಳಗೆ ಮೂತ್ರ ಬರ್ಲಿಲ್ಲ ಅಂದ್ರೆ ಟಾಲಾ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಂತೆ."

"ಕುಡಿಸಿದ್ದೆಲ್ಲ ಆಚೆಗೇ ಬರುತ್ತಲ್ಲಮ್ಮ."

"ಸೋರೋ ಬಿಂದಿಗೆಗೆ ನೀರು ಹಾಕ್ದೆ ಇದ್ರೆ ಸೋರೋದು ನಿಲ್ಲುತ್ತೆ, ನಿಜ. ಖಾಲಿ ಆದ್ಮೇಲೆ ನಿಲ್ಲುತ್ತೆ ಅತ್ತೆ. ನಾನು ಫಾರ್ಮಸಿಗೆ ಹೋಗ್ಬರ್ತೀನಿ. ಅಷ್ಟರಲ್ಲಿ ಅವಳು ಕೇಳಿದ್ರೆ ಒಂದೊಂದೇ ಚಮಚ ನೀರು ಕೊಡ್ತಿರಿ."

ಜಯಶೀಲಾ ಹೊರಟಳು. ಬಾಗಿಲು ಮುಚ್ಚಿದ ಸದ್ದಿಗೆ ಇಂಚರಾ ಕಣ್ಣು ಬಿಟ್ಟಳು.

"ಅಜ್ಜಿ, ನೀರು." ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಮಗು ಕನ್ನಡದಲ್ಲಿ ಕೇಳಿತು.

"ಆಮೇಲೆ ಬಂಗಾರ."

ಮಗು ಅತ್ತಿತು. ಒಣಗಿದ ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ.

ಈ ಒಣ ಅಳುವನ್ನು ವನಜಮ್ಮ ಹಿಂದೆಯೂ ಕಂಡಿದ್ದರು. ಚಿಕ್ಕಂದಿನಲ್ಲಿ ಅವರ ತಮ್ಮ ಚಿಕ್ಕಣ್ಣನಿಗೆ ಹೀಗೇ ಆದಾಗ, ಅವನು ಕದ್ದು ನೀರು ಕುಡಿಯಬಾರದೆಂದು ಅಮ್ಮ ಬಿಂದಿಗೆಯ ಪಕ್ಕ ಇವರನ್ನೇ ಕಾವಲು ಕೂರಿಸಿದ್ದಳು. "ಅಕ್ಕಾ, ನೀರು" ಎಂದು ಅವನು ಬೇಡಿದ. ಹೇಳಿದ ಮಾತು ಕೇಳುವ ಹುಡುಗಿ ಜಾಗ ಬಿಟ್ಟು ಏಳಲಿಲ್ಲ. ಚಿಕ್ಕಣ್ಣ ಉಳಿಯಲಿಲ್ಲ. ದೇವರು ಕರೆದುಕೊಂಡ ಎಂದರು ಎಲ್ಲರೂ. ಸೊಸೆಯ ಮಾತು ನಿಜವಾದರೆ, ಅವತ್ತು ಬಿಂದಿಗೆಯ ಪಕ್ಕ ಕೂತಿದ್ದ ತಾನು ಮಾಡಿದ್ದೇನು? ಈ ಪ್ರಶ್ನೆಗೆ ಹೆದರಿಯೇ ಅವರು ಇಷ್ಟು ವರ್ಷ ಹಟ ಬಿಟ್ಟಿರಲಿಲ್ಲ.

ಅದು ಏನಾದರೂ ಇರಲಿ, ಈ ಮಗು ಬಾಯಾರಿ ಮಲಗಬಾರದು. ವನಜಮ್ಮ ಎದ್ದು ಅಡುಗೆಮನೆಗೆ ಹೋದರು.

ಜಯಶೀಲಾ ಬರುವಾಗ ಮಗು ಅಜ್ಜಿಯ ತೊಡೆಯ ಮೇಲಿತ್ತು, ಅಜ್ಜಿಯ ಕೈಯಲ್ಲಿ ಚಮಚವಿತ್ತು. ಅವಳು ಏನೂ ಕೇಳದೆ ಓಆರ್‌ಎಸ್ ಪುಡಿಯನ್ನು ಅಳತೆಯ ನೀರಿಗೆ ಕಲಸಿ ತಂದಳು. ಮಗು ಅದನ್ನೂ ಕಕ್ಕಿದಾಗ ವನಜಮ್ಮ ಚಮಚ ಕೆಳಗಿಟ್ಟರು.

"ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡೋಣ ಅತ್ತೆ. ನಿಧಾನಕ್ಕೆ."

ಸಂಜೆ ಮಿಥುನ್, ಆಸ್ಪತ್ರೆಗೆ ಹೊರಡಬೇಕಾದೀತೆಂದು ಕಾರಿನ ಕೀ ಹಿಡಿದೇ ಒಳಗೆ ಬಂದ. ಸೋಫಾದಿಂದ ಸಣ್ಣ ದನಿ ಬಂತು: "ಅಜ್ಜಿ, ಐ ನೀಡ್ ಎ ವೀ."

ಮೂತ್ರ ಬರ್ತಿದೆ ಎಂಬ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಮಂಡಿನೋವು ಮರೆತು ವನಜಮ್ಮ ಮೊಮ್ಮಗಳನ್ನೆತ್ತಿಕೊಂಡು ಓಡಿದರು. ಬಾತ್‌ರೂಮಿನಲ್ಲಿ ಅತ್ತೆ ಸೊಸೆ ಇಬ್ಬರೂ ನಕ್ಕರು, ಅತ್ತರು.

ಮರುದಿನ ವನಜಮ್ಮ ಮೈಸೂರಿನ ತಂಗಿ ಶಕುಂತಲಾಗೆ ಫೋನ್ ಮಾಡಿದರು. "ಶಕೂ, ನಿಮ್ಮನೇಲಿ ಮಕ್ಕಳಿಗೆ ವಾಂತಿಭೇದಿ ಆದ್ರೆ ನೀರು ನಿಲ್ಲಿಸ್ಬೇಡ ಕಣೆ. ಓಆರ್‌ಎಸ್ ಕೊಡು. ಚಮಚ ಚಮಚ ಕೊಡು. ಅಮ್ಮ ಹೇಳಿದ್ದು ತಪ್ಪು."

ತಂಗಿ ಕೇಳಿದರು: "ಹಾಗಾದ್ರೆ ಅಕ್ಕಾ, ಚಿಕ್ಕಣ್ಣ..."

"ಹೂಂ," ಎಂದರು ವನಜಮ್ಮ. ಕಣ್ಣೊರೆಸಿಕೊಂಡರು. "ನಿನ್ನ ಸೊಸೆಗೆ ಹೇಳು. ಪಕ್ಕದ ಮನೆಯವರಿಗೂ ಹೇಳು. ಯಾಕೆ ಅಂತ ಕೇಳಿದ್ರೆ, ಚಿಕ್ಕಣ್ಣನ ಹೆಸರು ಹೇಳು."