ತುದಿಯಲ್ಲಿ ಕೂತ ದೊಡ್ಡವರು

ಸಮೋವಾದ ಆ ಊರ ಸಭೆಮನೆಯಲ್ಲಿ ಹಿರಿಯ ನಾಯಕರು ಎರಡು ತುದಿಗಳಲ್ಲಿ ಕೂರುವುದು ಪದ್ಧತಿ. ಕಾವಾ ಬೇರಿನ ಪಾನೀಯದ ಬಟ್ಟಲಿಗೆ ಒಬ್ಬೊಬ್ಬರ ಹೆಸರು ಕೂಗುವ ಪೆನಿಯಾಮಿನಾ ಅಂದು ನಡುವಿನವರನ್ನೆಲ್ಲ ಕರೆದು, ತುದಿಯ ಇಬ್ಬರನ್ನೂ ಬಂದಿಲ್ಲವೆಂದು ಬಿಟ್ಟುಬಿಟ್ಟ.

ಮರುದಿನ ಆಸ್ಪತ್ರೆಯಲ್ಲಿ ಗೊತ್ತಾಯಿತು: ಪೆನಿಯಾಮಿನಾನ ಮಿದುಳಿನ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿ ಎರಡೂ ಕಣ್ಣಿನ ನರಗಳು ಕೂಡುವಲ್ಲಿ ಒತ್ತುತ್ತಿದೆ, ಎರಡೂ ಪಕ್ಕದ ನೋಟ ಹೋಗಿದೆ. ಅದು ಒಡೆಯುವ ಮೊದಲು ಶಸ್ತ್ರಚಿಕಿತ್ಸೆಗೆ ಆಕ್ಲೆಂಡಿಗೆ ಒಯ್ಯಬೇಕು.

"ಸರಿಯಾಗಿ ನಮ್ಮಿಬ್ಬರನ್ನೇ ಮರೆಸ್ತಲ್ಲ, ಈ ರೋಗಕ್ಕೆ ಅಂತಸ್ತು ಚೆನ್ನಾಗಿ ಗೊತ್ತು," ಎಂದರು ತುದಿಯ ಇಬ್ಬರಲ್ಲೊಬ್ಬರಾದ ನಾಯಕ ತೌಫಾ. "ಮೊದಲು ನಮ್ಮ ಪದ್ಧತಿಯಂತೆ ಚಾಪೆ ಹೊದ್ದು ಕ್ಷಮೆ ಕೇಳ್ಲಿ."

"ಕೇಳ್ತಾರೆ ದೊಡ್ಡವರೇ," ಎಂದಳು ಪೆನಿಯಾಮಿನಾನ ಹೆಂಡತಿ ಲೋಸಾ. "ನಿಮ್ಮ ಮಾನಾನೂ ಉಬ್ಬಿದೆ, ಒಡೀಬಾರದಲ್ಲ."

ಬೆಳಗೆಲ್ಲ ಚಾಪೆಯಡಿ ಕೂರಿಸಿ, ಕೊನೆಗೆ ಕ್ಷಮಿಸಿ, ತೌಫಾ ಅವನ ತಲೆ ಮುಟ್ಟಿ ಪ್ರಾರ್ಥಿಸಿದರು: "ಕರ್ತನೇ, ಇವನಿಗೆ ಕಣ್ಣು ಕೊಡು. ಮುಂದಿನ ಸಭೆಗೆ ಮೊದಲೇ ಕೊಟ್ರೆ ಒಳ್ಳೇದು."

ದೇವರು ದೊಡ್ಡವನು. ಮೊದಲ ಮಾತನ್ನಷ್ಟೇ ಕೇಳಿಸಿಕೊಂಡ.