ಮೇಕೆ ಕೂದಲಿನ ಗುಡಾರ

ಶವಪೆಟ್ಟಿಗೆಯನ್ನು ಮೂರನೆಯ ಮಹಡಿಯಿಂದ ಇಳಿಸುವಾಗ ಅದು ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಸಿಕ್ಕಿಕೊಂಡಿತು. ಹೊತ್ತವರಲ್ಲೊಬ್ಬ ಏದುಸಿರು ಬಿಡುತ್ತ ಹಿಂದೆ ಸರಿದ. ಅವನ ಜಾಗಕ್ಕೆ ಕೆಳಗಿನಿಂದ ಬಂದ ಅಪರಿಚಿತನೊಬ್ಬ ಹೆಗಲು ಕೊಟ್ಟ. ಐವತ್ತು ದಾಟಿದ ಎತ್ತರದ ಆಳು. ಇಸ್ತ್ರಿ ಮಾಡಿದ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದ. ಅವನು ಪಕ್ಕದಲ್ಲಿ ಹಾದುಹೋದಾಗ ಸತ್ತವಳ ಗಂಡನ ಮೂಗಿಗೆ ಮೇಕೆಯ ವಾಸನೆ ಬಡಿಯಿತು.

ಏಳು ವರ್ಷದಿಂದ ಪರಿಚಯವಿದ್ದ ವಾಸನೆ ಅದು. ಪ್ರತಿ ಮಂಗಳವಾರ ಸಂಜೆ ಹೆಂಡತಿಯ ಶಾಲಿನಿಂದ ಬರುತ್ತಿತ್ತು.

ರೈಲಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ತಪಾಸಣೆ ಮಾಡಿದ ಅವರನ್ನು ನಿವೃತ್ತಿಯಾದ ಮೇಲೂ ಎಲ್ಲರೂ ಟೀಸಿ ಎಂದೇ ಕರೆಯುತ್ತಿದ್ದರು. ವ್ಯಾನಿನಲ್ಲಿ ಕೂತಾಗ ಅವರು ಮಗಳ ಕಡೆ ವಾಲಿ, ಆ ಎತ್ತರದವನು ಯಾರು ಎಂದು ಕೇಳಿದರು. ಅಮ್ಮನಿಗೆ ಗೊತ್ತಿದ್ದವರು ಯಾರೋ ಇರಬೇಕು ಎಂದ ಮಗಳು ಕಿಟಕಿಯಾಚೆ ನೋಡತೊಡಗಿದಳು. ಟಿಕೆಟ್ ಇಲ್ಲದವರು ಹೀಗೇ ಕಿಟಕಿಯಾಚೆ ನೋಡುತ್ತಾರೆ ಎಂಬುದನ್ನು ಟೀಸಿಗಿಂತ ಚೆನ್ನಾಗಿ ಬಲ್ಲವರು ಯಾರು?

*

ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿದ ವರ್ಷ ಟೀಸಿಯ ಹೆಂಡತಿ ಕಾದಂಬರಿ ಬರೆಯಲು ಕೂತಿದ್ದಳು. ಧರ್ಮಗ್ರಂಥದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ, ಹೆಸರೂ ಇಲ್ಲದ ಒಬ್ಬ ಹೆಂಗಸಿನ ಕತೆ; ಮೂರು ಸಾವಿರ ವರ್ಷದ ಹಿಂದೆ ಇಸ್ರಾಯೇಲಿನ ಗುಡ್ಡಗಳಲ್ಲಿ ಮಂದೆಯ ಜೊತೆ ಅಲೆಯುತ್ತಿದ್ದ ಮನೆತನದ ಸೊಸೆ. ಮೊದಲ ಅಧ್ಯಾಯವನ್ನು ಗಂಡನಿಗೆ ಓದಿ ಹೇಳಿದಳು.

ಟೀಸಿ ಕೇಳಿದ್ದು ಟಿಕೆಟ್ ಕೇಳುವ ಧಾಟಿಯಲ್ಲೇ. ಆಗ ಬಾವಿಗೆ ರಾಟೆ ಇತ್ತೇ? ನಾಲ್ಕು ಜನಕ್ಕಾಗುವ ಜವೆಗೋಧಿ ಬೀಸಲು ಎಷ್ಟು ಹೊತ್ತು ಬೇಕು? ಇಲ್ಲಿ ಒಂದೇ ಸಾಲಿನಲ್ಲಿ ಬೀಸಿ, ರೊಟ್ಟಿಯನ್ನೂ ಸುಟ್ಟುಬಿಟ್ಟಳಲ್ಲ?

"ಪುಸ್ತಕದಲ್ಲಿ ಓದ್ದೆ," ಅಂದಳು ಆಕೆ.

"ಪುಸ್ತಕ ಬರೆದೋನೂ ನಿನ್ನ ಹಾಗೇ ಮನೇಲಿ ಕೂತು ಬರೆದಿರ್ತಾನೆ. ನೀನೇನು ಅಲ್ಲಿ ಹೋಗಿ ನೋಡ್ಕೊಂಡು ಬಂದಿದ್ಯಾ?"

ತಮಾಷೆಗೇ ಅಂದದ್ದು. ಆಕೆಯೂ ನಕ್ಕಳು. ಹಾಳೆಗಳನ್ನು ಮಡಚಿ ಒಳಗಿಟ್ಟವಳು ಮತ್ತೆಂದೂ ಅವರಿಗೆ ಓದಿ ಹೇಳಲಿಲ್ಲ.

ಮುಂದಿನ ಮಂಗಳವಾರದಿಂದ ಗ್ರಂಥಾಲಯಕ್ಕೆ ಎಂದು ಹೊರಡತೊಡಗಿದಳು. ಕೆಲವು ತಿಂಗಳು ಪುಸ್ತಕಗಳು ಬಂದವು, ಆಮೇಲೆ ವಾಸನೆ ಬಂತು. ಆಕೆ ಸ್ನಾನಕ್ಕೆ ಹೋದಾಗ ಟೀಸಿ ಚೀಲ ತೆಗೆದು ನೋಡಿದರು. ಬಸ್ ಟಿಕೆಟ್ ಊರಾಚೆಯ ಕೊನೆಯ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಹಿಂದಿನದು. ಅಲ್ಲಿ ಗ್ರಂಥಾಲಯ ಇರಲಿ, ಪತ್ರಿಕೆಯ ಅಂಗಡಿಯೂ ಇರಲಿಲ್ಲ. ಒಮ್ಮೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಖ ಮರೆಸಿಕೊಂಡು ಹೋದರು. ಆಕೆ ಇಳಿದಳು. ರಸ್ತೆಬದಿಯಲ್ಲಿ ಕಾಯುತ್ತಿದ್ದ ಎತ್ತರದವನೊಬ್ಬ ಏನೋ ಅಂದ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಟೀಸಿ ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸಾದರು. ಕೇಳಿದರೆ ಆಕೆ ಉತ್ತರ ಹೇಳುತ್ತಾಳೆ. ಆಮೇಲೆ ಅದನ್ನು ನಂಬಬೇಕೋ ಬೇಡವೋ ತೀರ್ಮಾನಿಸಬೇಕು. ಅದಕ್ಕಿಂತ ವಾಸನೆಯ ಜೊತೆ ಬದುಕುವುದೇ ಸುಲಭ ಅನ್ನಿಸಿತ್ತು.

*

ಗುಂಡಿಗೆ ಮಣ್ಣು ಹಾಕುವಾಗ ಎತ್ತರದವನು ಕೈಯಲ್ಲಿದ್ದ ಹಿಡಿಮಣ್ಣನ್ನು ಬಿಡಲು ಮರೆತವನಂತೆ ನಿಂತುಬಿಟ್ಟ. ಅವನ ಗಲ್ಲ ಒದ್ದೆಯಾಗಿತ್ತು. ಸತ್ತವಳ ಅಕ್ಕ ಟೀಸಿಯ ಕಿವಿಯ ಹತ್ತಿರ ಬಂದು, ಇವನು ನಮ್ಮ ಕಡೆಯವನಲ್ಲ, ನಿಮ್ಮ ಕಡೆಯವನಾ ಎಂದು ವಿಚಾರಿಸಿದಳು. ಅಲ್ಲವೆಂದಾಗ ಅವಳ ಹುಬ್ಬು ಮೇಲೇರಿತು. ಆ ಹುಬ್ಬು ಇನ್ನು ವರ್ಷಗಟ್ಟಲೆ ಇಳಿಯುವುದಿಲ್ಲ ಎಂದು ಟೀಸಿಗೆ ಗೊತ್ತಿತ್ತು.

ಜನ ಚದುರಿದ ಮೇಲೆ ಅವರು ಗೇಟಿನ ಬಳಿ ಅವನನ್ನು ತಡೆದರು.

"ಏನ್ ಕೆಲಸ ನಿಮ್ದು?"

"ಮೇಕೆ ಸಾಕ್ತೀನಿ ಸಾರ್."

"ನನ್ನ ಹೆಂಡ್ತಿ ನಿಮ್ಮ ಹತ್ರ ಯಾಕೆ ಬರ್ತಿದ್ಲು?"

ಅವನು ಟೀಸಿಯ ಹಿಂದೆ ನಿಂತಿದ್ದ ಮಗಳನ್ನು ನೋಡಿದ. ಆ ನೋಟ ಟೀಸಿಗೆ ಸಾಕಾಯಿತು.

"ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು ಅಪ್ಪ," ಅಂದಳು ಮಗಳು. "ನೀವು ಕೇಳಿದ ದಿನ ಹೇಳು ಅಂದಿದ್ಲು ಅಮ್ಮ. ನೀವು ಕೇಳ್ಲೇ ಇಲ್ಲ."

ಈಗ ಕೇಳುತ್ತಿದ್ದೇನೆ ಎನ್ನುವ ಬದಲು ಟೀಸಿ, ಕರೆದುಕೊಂಡು ಹೋಗಿ ತೋರಿಸು ಎಂದಷ್ಟೇ ಹೇಳಿದರು.

*

ಶೆಡ್ಡಿನಲ್ಲಿ ನಲವತ್ತು ಮೇಕೆಗಳಿದ್ದವು. ಒಂದು ಮೂಲೆಯಲ್ಲಿ ನೆಲಕ್ಕೆ ಗೂಟ ಬಡಿದು ಹಾಸಿನ ಉದ್ದ ದಾರಗಳನ್ನು ಎಳೆದು ಕಟ್ಟಿದ ಮಗ್ಗ. ಅದರ ಪಕ್ಕ ಮೇಕೆಯವನ ತಾಯಿ ಕಪ್ಪು ಕೂದಲು ನೂಲುತ್ತ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಗುಡಾರದಲ್ಲೇ ಹುಟ್ಟಿ ಬೆಳೆದವಳಂತೆ. ಅವಳನ್ನು ಹುಡುಕಿಕೊಂಡೇ ಟೀಸಿಯ ಹೆಂಡತಿ ಮೊದಲ ಸಲ ಬಂದದ್ದು ಎಂದ ಮೇಕೆಯವನು.

ಟೀಸಿ ಮಗ್ಗದ ದಾರ ಎಳೆದು ನೋಡಿದರು, ಬೀಸುವ ಕಲ್ಲನ್ನು ಸವರಿದರು. ಎಲ್ಲವನ್ನೂ ಇವತ್ತೇ ತಂದು ಜೋಡಿಸಿಟ್ಟಿಲ್ಲ ತಾನೇ? ಕಲ್ಲು ನಡುವೆ ನುಣುಪಾಗಿ ಸವೆದಿತ್ತು. ಮುದುಕಿ ಒಂದು ನೋಟ್‌ಬುಕ್ ತಂದು ಕೈಗಿಟ್ಟಳು. ಅಕ್ಷರ ಹೆಂಡತಿಯದೇ.

'ರಾಟೆ ಇರಲಿಲ್ಲ. ಬರೀ ಹಗ್ಗ, ಅಂಗೈ ಸುಲಿಯಿತು. ನಾಲ್ಕು ಜನರ ಹಿಟ್ಟಿಗೆ ಎರಡೂವರೆ ಗಂಟೆ, ಮೊಣಕಾಲೂರಿ. ಮೊಣಕಾಲು ಊದಿದೆ. ಮನೆಯಲ್ಲಿ ಮೆಟ್ಟಿಲಲ್ಲಿ ಜಾರಿದೆ ಅಂದೆ. ನಂಬಲಿಲ್ಲ, ಆದರೂ ಮುಲಾಮು ಹಚ್ಚಿದರು.'

ಆ ಹಾಳೆಯ ಮೇಲೆ ಟೀಸಿಯ ಹೆಬ್ಬೆರಳು ಬಹಳ ಹೊತ್ತು ನಿಂತಿತ್ತು.

"ನಿಮ್ಮ ಜೊತೆ ಅಷ್ಟೊಂದು ನಗ್ತಿದ್ಲಲ್ಲ, ಯಾಕೆ?"

ಮೇಕೆಯವನು ಯೋಚಿಸಿದ. "ಅವ್ರು ನೂತ ದಾರ ಮೊದಮೊದ್ಲು ನಮ್ಮ ಮೇಕೆ ಕೂಡ ಮೂಸ್ತಿರ್ಲಿಲ್ಲ ಸಾರ್. ಅದನ್ನೇ ಹೇಳಿ ರೇಗಿಸ್ತಿದ್ದೆ."

"ಅಷ್ಟೇನಾ?"

"ಅಷ್ಟೇ."

ಅವನು ಕಣ್ಣು ತಪ್ಪಿಸಲಿಲ್ಲ. ಹಾಗೆ ಕಣ್ಣು ತಪ್ಪಿಸದೆ ಸುಳ್ಳು ಹೇಳಿದವರನ್ನೂ ಟೀಸಿ ಕಂಡಿದ್ದರು.

ಶೆಡ್ಡಿನ ಹಿಂದೆ ಕೋಲುಗಳ ಮೇಲೆ ಎಳೆದು ಕಟ್ಟಿದ ಗುಡಾರವಿತ್ತು. ಏಳು ವರ್ಷ ಆಕೆ ನೇಯ್ದ ಪಟ್ಟಿಗಳನ್ನು ಈಚೆಗಷ್ಟೇ ಸೇರಿಸಿ ಹೊಲಿದದ್ದು. ಟೀಸಿ ಬಗ್ಗಿ ಒಳಗೆ ಹೋದರು. ತಲೆಯ ಮೇಲಿನ ಕಪ್ಪು ಬಟ್ಟೆಯ ತುಂಬ ಸೂಜಿಮೊನೆಯಷ್ಟು ಬೆಳಕಿನ ತೂತುಗಳು.

"ಬರೀ ತೂತೇ ಇದೆಯಲ್ಲ. ಮಳೆ ಬಂದ್ರೆ?"

"ಒದ್ದೆಯಾದ್ರೆ ಕೂದಲು ಉಬ್ಬುತ್ತೆ, ತೂತು ತಾನೇ ಮುಚ್ಕೊಳ್ಳುತ್ತೆ," ಅಂದಳು ಮುದುಕಿ ಹೊರಗಿನಿಂದ. "ಅದೊಂದು ನೋಡ್ಬೇಕು ಅಂತ ಮಳೆ ಕಾಯ್ತಾ ಇದ್ಲು."

ಟೀಸಿ ನೆಲದ ಮೇಲೆ ಕೂತರು. ಬೂಟಿಗೆ ಮೆತ್ತಿದ್ದ ಸ್ಮಶಾನದ ಮಣ್ಣು ಇನ್ನೂ ಹಸಿಯಾಗಿತ್ತು.

"ನೀರು ಹಾಕಿ."

ಮಗಳು ಬೇಡವೆಂದಳು, ಶೀತವಾಗುತ್ತದೆ ಎಂದಳು. ಮೇಕೆಯವನು ಬಕೆಟ್ ಎತ್ತಿ ಗುಡಾರದ ಮೇಲೆ ಸುರಿದ. ಬೋಳುತಲೆಯ ಮೇಲೆ, ಕತ್ತಿನ ಮೇಲೆ, ಕನ್ನಡಕದ ಮೇಲೆ ತಣ್ಣನೆಯ ಹನಿಗಳು ಬಿದ್ದವು. ಇನ್ನೊಂದು ಎಂದರು. ಅಂಗಿ ಮೈಗೆ ಅಂಟಿತು. ಇನ್ನೊಂದು ಎಂದರು. ಮೂರನೆಯ ಬಕೆಟ್ ಸುರಿದಾಗ ಮುಖ ಮೇಲೆತ್ತಿ, ಅಂಗೈ ಬಿಡಿಸಿ ಹಿಡಿದು, ಉಸಿರು ಬಿಗಿಹಿಡಿದು ಕೂತರು. ತಲೆಯ ಮೇಲೆ ಬೆಳಕಿನ ಚುಕ್ಕೆಗಳು ಒಂದೊಂದಾಗಿ ಆರಿಹೋಗುತ್ತಿದ್ದವು, ಅಂಗೈಗೆ ಬೀಳಬೇಕಿದ್ದ ಹನಿ ಇನ್ನೂ ಬಿದ್ದಿರಲಿಲ್ಲ.